ದೀನಮ್ಮ ಟೀಚರ್ ಕೇಳಿದ ನೀರು

ಜನವರಿ 20, ಸೋಮವಾರ

‘ಬಾಗಿಲ ಬಳಿಯ ಬಾವಿ… ಯಾರು ತಂದಾರು…’ ಇಷ್ಟೇ ಇತ್ತೇ? ನಡುವೆ ಇನ್ನೊಂದು ಪದ ಇತ್ತೆಂದು ನೆನಪು. ಮಧ್ಯಾಹ್ನ ಕೇಳಿಸಿಕೊಂಡದ್ದು ಸಂಜೆಯೊಳಗೆ ಅರ್ಧ ಸವೆದಿದೆ. ಯಾವ ಕವಿತೆಯದು ಇದು? ಹದಿನೇಳು ವರ್ಷ ಬಿ.ಎ. ಮಕ್ಕಳಿಗೆ ಪದ್ಯ ಪಾಠ ಮಾಡಿದವಳು ನಾನು. ಹಳೆಯ ಟಿಪ್ಪಣಿ ಪುಸ್ತಕಗಳನ್ನೆಲ್ಲ ತಿರುವಿದೆ, ಸಿಗಲಿಲ್ಲ. ಪದ್ಯವೇ ಅಲ್ಲವೋ ಏನೋ.

ಹೇಳಿದವರು ಪಕ್ಕದ ಮನೆಯ ದೀನಮ್ಮ ಟೀಚರ್. ಎಸ್ಟೇಟ್ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿ, ನಿವೃತ್ತರಾಗಿ, ಮೂಡಿಗೆರೆಯ ನಮ್ಮ ವಠಾರಕ್ಕೆ ಬಂದು ಹದಿನೆಂಟು ವರ್ಷವಾಯಿತು. ಮದುವೆಯಾಗಲಿಲ್ಲ. ಕ್ರಿಸ್ಮಸ್ಸಿಗೆ ಮೂರು ದಿನ ಇದೆ ಎನ್ನುವಾಗ ಚರ್ಚಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಲೇ ಕುಸಿದರು. ಲಕ್ವ. ಬಲಗೈ ಬಿದ್ದಿದೆ, ಮಾತು ನಿಂತಿದೆ. ಊಟ ಬೇಕೇ ಎಂದರೂ ‘ಹೂಂ’, ಬೇಡವೇ ಎಂದರೂ ‘ಹೂಂ’. ನಡುನಡುವೆ ಎರಡು ಮೂರು ಪದ ಮಾತ್ರ ಸ್ಪಷ್ಟವಾಗಿ, ತರಗತಿಯ ದನಿಯಲ್ಲಿ ಬರುತ್ತವೆ. ಅವಕ್ಕೆ ತಲೆಬುಡ ಇಲ್ಲ ಎನ್ನುತ್ತಾರೆ.

ಅವರು ಆಸ್ಪತ್ರೆಯಿಂದ ಬಂದು ಹತ್ತು ದಿನ. ನಡುವೆ ಇರುವುದು ಒಂದೇ ಗೋಡೆ. ನಾನು ನೋಡಲು ಹೋದದ್ದು ಇವತ್ತು. ಹೊರಗೆ ಕಾಲಿಟ್ಟರೆ ಯಾರಾದರೂ ‘ಕಾಲೇಜಿಗೆ ಹೋಗ್ತಾ ಇಲ್ವಾ?’ ಎಂದು ಕೇಳುತ್ತಾರೆ. ನನ್ನಂಥ ಅತಿಥಿ ಉಪನ್ಯಾಸಕಿಯರಲ್ಲಿ ಪಿಎಚ್.ಡಿ. ಇಲ್ಲದವರನ್ನು ಈ ವರ್ಷ ಕೈಬಿಟ್ಟರು ಎಂದು ಪ್ರತಿಯೊಬ್ಬರಿಗೂ ನಿಂತು ಹೇಳುವಷ್ಟು ಗಂಟಲು ನನಗಿಲ್ಲ. ಆಯ್ಕೆಯಾದವರ ಎರಡನೇ ಪಟ್ಟಿ ಬರುತ್ತದಂತೆ. ಇವತ್ತು ಮೂರು ಸಲ ನೋಡಿದೆ. ಬಂದಿಲ್ಲ.

ಜನವರಿ 21, ಮಂಗಳವಾರ

ಮತ್ತೆ ಹೋದೆ, ಆ ಸಾಲಿಗಾಗಿ.

ಟೀಚರನ್ನು ನೋಡಿಕೊಳ್ಳುವವಳು ಹುಚ್ಚಮ್ಮ. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಕಾಫಿ ಕುಯ್ಲಿಗೆ ಹೋಗುತ್ತಿದ್ದವಳು ಈ ಸಲ ಅದನ್ನು ಬಿಟ್ಟು ಇಲ್ಲಿ ಉಳಿದಿದ್ದಾಳೆ, ಎರಡನೇ ಕ್ಲಾಸಿನಲ್ಲಿ ತನಗೆ ಅಕ್ಷರ ಕಲಿಸಿದ್ದು ಇವರೇ ಎಂದು. ಅವಳಿಂದ ತಿಳಿಯಿತು: ಟೀಚರ ಅಣ್ಣನ ಮಗ ಜಯಕರ ಮಂಗಳೂರಿನಲ್ಲಿ ಒಂದು ಆರೈಕೆ ಮನೆ ಗೊತ್ತುಮಾಡಿದ್ದಾನೆ. ಫೆಬ್ರವರಿ ಕೊನೆಗೆ ಹಾಸಿಗೆ ಖಾಲಿಯಾಗುತ್ತದೆ, ಬಂದು ಕರೆದೊಯ್ಯುತ್ತಾನೆ. ಕೆಟ್ಟವನಲ್ಲ. ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾನೆ. ಅತ್ತೆಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಅವರು ಎಲ್ಲಿದ್ದರೂ ಒಂದೇ ಎಂದು ಅವನು ನಂಬಿದ್ದಾನೆ. ನೀರು ಕೊಟ್ಟರೆ ಚೆಲ್ಲುತ್ತಾರೆ. ದಿನವಿಡೀ ಗೋಡೆ ನೋಡುತ್ತಾರೆ. ಇಷ್ಟು ಸಾಕಲ್ಲ?

“ನಂಗೂ ಹಂಗೇ ಅನ್ನಿಸ್ತದೆ ಕೆಲವು ಸಲ” ಎಂದಳು ಹುಚ್ಚಮ್ಮ. “ಆದ್ರೆ ಕಣ್ಣು ನೋಡಿ ಪ್ರೇಮಕ್ಕ. ಹೋಂವರ್ಕ್ ಮಾಡದೆ ಬಂದ್ರೆ ನೋಡ್ತಿದ್ರಲ್ಲ, ಅದೇ ಕಣ್ಣು.”

ಅದೇ ಹೊತ್ತಿಗೆ ಟೀಚರ್ ಮತ್ತೆ ಹೇಳಿದರು. ಬಾಗಿಲ ಬಳಿಯ ಬಾವಿ. ನಾನು ಬರೆದುಕೊಂಡೆ.

ಮೇಜಿನ ಮೇಲೆ ಅವರ ಲ್ಯಾಪ್‌ಟಾಪ್ ಇತ್ತು, ಕಸೂತಿ ಬಟ್ಟೆ ಹೊದ್ದುಕೊಂಡು. ಭಾನುವಾರದ ಮಕ್ಕಳ ಪಾಠಕ್ಕೆ ತಯಾರಾಗಲು ಚರ್ಚಿನವರು ಹಾಕಿಕೊಟ್ಟ ಬೈಬಲ್ ತಂತ್ರಾಂಶ ಅದರಲ್ಲಿದೆ. ಮೇಲೆ ಒಂದು ಖಾಲಿ ಚೌಕ. ಅಲ್ಲಿ ಪದ ಬರೆದರೆ ಇಡೀ ಬೈಬಲ್ ಜಾಲಾಡಿ ತಂದು ಕೊಡುತ್ತದಂತೆ. ನಾನು ಬೈಬಲ್ ಓದಿದವಳಲ್ಲ. ನಮ್ಮ ಮನೆಯದು ಇಷ್ಟಲಿಂಗ, ವಿಭೂತಿ. ಆದರೂ ಟೀಚರ ಬಾಯಲ್ಲಿ ಉಳಿದಿರುವ ಸಾಲು ಮತ್ತೆಲ್ಲಿಂದ ಬಂದೀತು? ಬರೆದು ಒತ್ತಿದೆ. ‘ಫಲಿತಾಂಶ ಇಲ್ಲ.’ ಪದ ಹಿಂದುಮುಂದು ಮಾಡಿ ಒತ್ತಿದೆ. ಇಲ್ಲ.

ಟೀಚರ್ ನನ್ನನ್ನೇ ನೋಡುತ್ತಿದ್ದರು. ಹುಚ್ಚಮ್ಮ ಹೇಳಿದ ಕಣ್ಣು.

ಜನವರಿ 24, ಶುಕ್ರವಾರ

ಸಿಕ್ಕಿತು!

ನಾಲ್ಕು ದಿನ ನಾನು ಸಾಲನ್ನು ಇಡಿಯಾಗಿ, ಅದೇ ಕ್ರಮದಲ್ಲಿ ಹುಡುಕುತ್ತಿದ್ದೆ. ಅದೂ ಈಚಿನ ಅನುವಾದದಲ್ಲಿ. ಟೀಚರ್ ಹುಡುಗಿಯಾಗಿದ್ದಾಗ ಬಾಯಿಪಾಠ ಮಾಡಿದ್ದು ಹಳೆಯದನ್ನಲ್ಲವೇ? ಬದಿಯಲ್ಲಿ ಹಳೆಯ ಅನುವಾದವನ್ನೂ ಆರಿಸಿಕೊಳ್ಳಬಹುದು ಎಂದು ಇವತ್ತು ಕಂಡಿತು. ಇಡೀ ಸಾಲು ಬಿಟ್ಟೆ. ‘ಬಾವಿ’, ‘ಬಾಗಿಲು’ ಎರಡನ್ನೇ ಕೊಟ್ಟು, ಎರಡೂ ಹತ್ತಿರ ಹತ್ತಿರ ಎಲ್ಲಿ ಬರುತ್ತವೆ ಎಂದು ಕೇಳಿದೆ. ಬೆರಳೆಣಿಕೆಯಷ್ಟು ಬಂದವು. ಮೂರನೆಯದೇ ಅದು.

ದಾವೀದನೆಂಬ ವೀರ ಗುಹೆಯಲ್ಲಿ ಅಡಗಿದ್ದಾನೆ. ಅವನ ಹುಟ್ಟೂರು ಶತ್ರುಗಳ ವಶದಲ್ಲಿದೆ. ಬಾಯಾರಿದಾಗ, ನನ್ನೂರ ಹೆಬ್ಬಾಗಿಲ ಬಾವಿಯ ನೀರನ್ನು ಯಾರಾದರೂ ತಂದುಕೊಟ್ಟಾರೇ ಎಂದು ಹಂಬಲಿಸುತ್ತಾನೆ. ಅವನ ಮೂವರು ಬಂಟರು ಶತ್ರುಗಳ ಪಾಳೆಯವನ್ನು ಸೀಳಿಕೊಂಡು ಹೋಗಿ ತರುತ್ತಾರೆ. ಅವನು ಕುಡಿಯುವುದಿಲ್ಲ. ಜೀವದ ಹಂಗು ತೊರೆದು ತಂದ ನೀರು ತನಗೆ ಸಲ್ಲದೆಂದು ದೇವರ ಮುಂದೆ ನೆಲಕ್ಕೆ ಹೊಯ್ಯುತ್ತಾನೆ.

ಓದಿ ಹೇಳಿದೆ. ಎರಡನೇ ವಾಕ್ಯಕ್ಕೆ ಟೀಚರ್ ದನಿ ಸೇರಿಸಿದರು. ಒಂದು ತಿಂಗಳಿಂದ ಮೂರು ಪದದಾಚೆ ಹೋಗಲಾಗದವರು ಇಡೀ ಎರಡು ವಾಕ್ಯ ನನ್ನ ಜೊತೆ ಹೇಳಿದರು! ಮುಗಿದಾಗ ಹುಚ್ಚಮ್ಮ ಲೋಟದಲ್ಲಿ ನೀರು ತಂದಳು. ಟೀಚರ್ ಎಡಗೈಯಿಂದ ಅದನ್ನು ನೆಲಕ್ಕೆ ಚೆಲ್ಲಿದರು.

ನನಗೆ ರೋಮಾಂಚನವಾಯಿತು. ಚೆಲ್ಲಾಟವಲ್ಲ ಇದು, ಅರ್ಪಣೆ! ಮಾತು ಕಳೆದುಕೊಂಡ ಜೀವ ಕ್ರಿಯೆಯಲ್ಲಿ ಕಾವ್ಯ ಬರೆಯುತ್ತಿದೆ. ದಾಹವನ್ನೇ ದೇವರಿಗೆ ಒಪ್ಪಿಸುವ ಸ್ಥಿತಿ. ಹುಟ್ಟೂರಿನ ಬಾವಿ ಎಂದರೆ ಕಳೆದುಹೋದ ಭಾಷೆ. ಶತ್ರುವಿನ ಪಾಳೆಯ ಎಂದರೆ ಕಾಯಿಲೆ. ಬಂಟರು ಎಂದರೆ ಉಳಿದ ಮೂರು ಪದಗಳು. ಇದರ ಮೇಲೆ ಒಂದು ಪ್ರಬಂಧವನ್ನೇ ಬರೆಯಬಹುದು.

ಜನವರಿ 25, ಶನಿವಾರ

ನಿನ್ನೆಯ ಪುಟವನ್ನು ಹರಿದುಹಾಕಬೇಕೆನಿಸಿತು. ಇರಲಿ, ಬುದ್ಧಿ ಬರುವುದಕ್ಕೆ.

ಬೆಳಗ್ಗೆ ನನ್ನ ಅರ್ಥವಿವರಣೆಯನ್ನು ಹುಚ್ಚಮ್ಮನಿಗೆ ಹೇಳುತ್ತಿದ್ದೆ. ಅವಳು ಹುರುಳಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು. ಮೊರ ಕೆಳಗಿಟ್ಟಳು.

“ಅಕ್ಕ, ಅವ್ರಿಗೆ ಬಾವಿ ನೀರು ಬೇಕು.”

“ಅದೇ ನಾನು ಹೇಳ್ತಿರೋದು, ಆ ಬಾವಿ ಅಂದ್ರೆ…”

“ನಮ್ಮ ಗೇಟಿನ ಹತ್ರ ಇರೋ ಬಾವಿ. ಹದಿನೆಂಟು ವರ್ಷ ಅದನ್ನೇ ಕುಡಿದವ್ರೆ. ಜಯಕರಣ್ಣ ಫಿಲ್ಟರ್ ಹಾಕ್ಸಿ, ಕಾಸಿ ಉಗುರು ಬೆಚ್ಚಗೆ ಕೊಡು ಅಂದ್ರು. ಕೊಡ್ತಾ ಇದೀನಿ. ಆ ನೀರು ನಂಗೆ ಕೊಟ್ರೆ ನಾನೂ ಚೆಲ್ತೀನಿ.”

ಎದ್ದು ಹೋದಳು. ವಠಾರದ ಗೇಟಿನ ಪಕ್ಕ, ಕಬ್ಬಿಣದ ಜಾಲರಿಯ ಕೆಳಗೆ ಆ ಬಾವಿ ಇದೆ. ದಿನಾ ಅದರ ಮುಂದೆಯೇ ಓಡಾಡುವ ನನಗೆ ಹೊಳೆದಿರಲಿಲ್ಲ. ಒಂದು ಕೊಡ ಸೇದಿ, ಸೋಸಿ, ತಾಮ್ರದ ಚೊಂಬಿನಲ್ಲಿ ತಂದು ಚಮಚದಿಂದ ಕುಡಿಸಿದಳು. ಟೀಚರ್ ಕಣ್ಣು ಮುಚ್ಚಿ ಕುಡಿದರು. ಒಂದು ಹನಿ ಚೆಲ್ಲಲಿಲ್ಲ. ಚೊಂಬು ಮುಗಿದ ಮೇಲೆ ಎಡಗೈಯಿಂದ ಹುಚ್ಚಮ್ಮನ ಕೆನ್ನೆ ತಟ್ಟಿ, ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು.

ಹೋಂವರ್ಕ್ ಮಾಡದೆ ಬಂದವಳು ನಾನೇ.

ಜನವರಿ 29, ಬುಧವಾರ

“ಕಣ್ಣೆತ್ತಿ… ಬೆಟ್ಟ…”

ಸಿಕ್ಕಿದ್ದು ಒಂದು ಕೀರ್ತನೆ. ಏನು ಅರ್ಥ ಎಂದು ಯೋಚಿಸಲಿಲ್ಲ. ನಾನೂ ಹುಚ್ಚಮ್ಮನೂ ಸೇರಿ ಮಂಚವನ್ನು ಕಿಟಕಿಗೆ ಎದುರಾಗಿ ತಿರುಗಿಸಿದೆವು. ಪರದೆ ಬಿಚ್ಚಿದೆವು. ತೋಟಗಳ ಮೇಲಕ್ಕೆ ಬೆಟ್ಟಸಾಲು. ಸಂಜೆಯವರೆಗೆ ನೋಡುತ್ತಿದ್ದರು.

ಗೋಡೆ ನೋಡುತ್ತಾರೆ ಎಂದು ಎಲ್ಲರೂ ಅಂದೆವು. ಮಂಚ ಗೋಡೆಗೆ ಮುಖ ಮಾಡಿ ಹಾಕಿದವರು ನಾವೇ.

ಫೆಬ್ರವರಿ 3, ಸೋಮವಾರ

ಎರಡು ದಿನದಿಂದ “ಬಿಟ್ಟು ಬಂದ… ಮೇಲಂಗಿ…” ಎನ್ನುತ್ತಿದ್ದರು. ಹುಡುಕಿದರೆ, ಸೆರೆಮನೆಯಲ್ಲಿರುವ ಮುದಿ ಪೌಲನೆಂಬುವನು ಶಿಷ್ಯನಿಗೆ ಬರೆದ ಪತ್ರ ಬಂತು. ಇಂಥ ಊರಲ್ಲಿ, ಇಂಥವನ ಮನೆಯಲ್ಲಿ ನನ್ನ ಮೇಲಂಗಿ ಬಿಟ್ಟು ಬಂದಿದ್ದೇನೆ, ಬರುವಾಗ ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ ಎಂದು ಕೇಳುತ್ತಾನೆ. ಧರ್ಮಗ್ರಂಥದಲ್ಲಿ ಇಂಥದ್ದೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಚಳಿಗೆ ಅಂಗಿ ಕೇಳುವ ಒಬ್ಬ ಮುದುಕ.

ಬೀರುವಿನಲ್ಲಿದ್ದ ಸ್ವೆಟರುಗಳನ್ನೆಲ್ಲ ತೋರಿಸಿದೆವು. ಒಂದೊಂದನ್ನೂ ತಳ್ಳಿದರು. ಕೊನೆಗೆ ಬೇಸತ್ತು ಕಣ್ಣು ಮುಚ್ಚಿದರು. ಹುಚ್ಚಮ್ಮನೂ ಸೋತಳು. ನಾನು ಮತ್ತೆ ಪತ್ರ ಓದಿದೆ. ಬಿಟ್ಟು ಬಂದದ್ದು. ಬೀರುವಿನಲ್ಲಿರುವುದನ್ನು ಯಾರಾದರೂ ‘ಬಿಟ್ಟು ಬಂದದ್ದು’ ಎನ್ನುತ್ತಾರೆಯೇ? ಅವರು ಕೊನೆಯದಾಗಿ ಎಲ್ಲಿಂದ ಬಂದರು?

ಚರ್ಚಿಗೆ ಹೋದೆ. ಬೀಗದ ಕೈ ಇರುವವರನ್ನು ಹುಡುಕಿ ಬಾಗಿಲು ತೆಗೆಸಿದೆ. ಹಾರ್ಮೋನಿಯಂ ಹಿಂದಿನ ಗೂಟದಲ್ಲಿ ಕಂದು ಬಣ್ಣದ ಸ್ವೆಟರು ನೇತಾಡುತ್ತಿತ್ತು. ಅವರು ಕುಸಿದ ದಿನ ಕಳಚಿ ತೂಗುಹಾಕಿದ್ದು. ಅದರ ಜೇಬಿನಲ್ಲಿ ಅವರ ಕನ್ನಡಕ! ಆಸ್ಪತ್ರೆಯಲ್ಲಿ ಕಳೆದುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಕನ್ನಡಕ.

ಬಸ್ ಸ್ಟ್ಯಾಂಡಿನ ನಡುವೆ ಓಡಿದೆ. ನಿಜವಾಗಿಯೂ ಓಡಿದೆ, ಸೀರೆ ಎತ್ತಿಕೊಂಡು, ನಲವತ್ತೆಂಟನೇ ವಯಸ್ಸಿನಲ್ಲಿ. ಯಾರೋ ಹಳೆಯ ವಿದ್ಯಾರ್ಥಿ ‘ಮೇಡಂ, ಯಾವ ಬಸ್ಸು?’ ಎಂದು ಕೂಗಿದ. ಕೈ ಬೀಸಿ ಮುಂದೆ ಹೋದೆ.

ಕನ್ನಡಕ ಹಾಕಿದೆ. ಟೀಚರ್ ನನ್ನ ಮುಖವನ್ನು ನೋಡಿದರು, ಎಷ್ಟೋ ಹೊತ್ತು. ಇಷ್ಟು ದಿನ ನಾನು ಅವರಿಗೆ ಮಸುಕಾಗಿ ಕಾಣುತ್ತಿದ್ದೆ.

ಕುಸಿಯುವ ಮುಂಚಿನ ನಿಮಿಷವನ್ನೂ ಅವರು ಮರೆತಿಲ್ಲ. ಬುದ್ಧಿ ಎಲ್ಲಿಗೂ ಹೋಗಿಲ್ಲ.

ಫೆಬ್ರವರಿ 9, ಭಾನುವಾರ

ಜಯಕರನಿಗೆ ಫೋನ್ ಮಾಡಿದೆ. ಬಾವಿ, ಬೆಟ್ಟ, ಸ್ವೆಟರು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಸಮಾಧಾನದಿಂದ ಕೇಳಿದ. ಇಪ್ಪತ್ಮೂರಕ್ಕೆ ಬರುತ್ತೇನೆ, ಎಲ್ಲ ಗೊತ್ತುಮಾಡಿಯಾಗಿದೆ ಎಂದ. ಆಮೇಲೆ ಹೇಳಿದ್ದು ಇದು:

“ಮೇಡಂ, ತಪ್ಪು ತಿಳ್ಕೋಬೇಡಿ. ಅವ್ರು ಅರವತ್ತು ವರ್ಷ ಬಾಯಿಪಾಠ ಮಾಡಿದ್ದು ಬಾಯಲ್ಲಿ ಬರ್ತಾ ಇದೆ, ಟೇಪ್ ರೆಕಾರ್ಡರ್ ಥರ. ಅರ್ಥ ಕೊಡ್ತಿರೋದು ನೀವು. ನೀವು ಸಾಹಿತ್ಯ ಓದಿದವ್ರು, ನಿಮಗೆ ಎಲ್ಲದ್ರಲ್ಲೂ ಅರ್ಥ ಸಿಗ್ತದೆ.”

ನನ್ನ ಡೈರಿಯ ಜನವರಿ ಇಪ್ಪತ್ತನಾಲ್ಕರ ಪುಟವನ್ನು ಅವನು ಓದಿದ್ದಾನೋ ಎನ್ನಿಸಿತು.

ಫೆಬ್ರವರಿ 14, ಶುಕ್ರವಾರ

ಇವತ್ತು “ಉಪ್ಪು” ಎಂದರು. ಹತ್ತಾರು ಫಲಿತಾಂಶ. ಗಂಜಿಗೆ ಉಪ್ಪು ಹಾಕಿದೆವು, ಬೇಡ. ಬೇರೆ ಏನೇನೋ ಕೊಟ್ಟೆವು, ಬೇಡ. ಮುಖ ತಿರುಗಿಸಿದರು.

ಟೇಪ್ ರೆಕಾರ್ಡರ್.

ಫೆಬ್ರವರಿ 18, ಮಂಗಳವಾರ

ಸುಮ್ಮನೆ ಕೂತರೆ ಐದು ದಿನದಲ್ಲಿ ಕಾರು ಬರುತ್ತದೆ. ಅದಕ್ಕೆ ಶನಿವಾರವೇ ಒಂದು ನಿಯಮ ಮಾಡಿದ್ದೆ.

ನಾನು ಅರ್ಥ ಹೇಳುವಂತಿಲ್ಲ. ಸಿಕ್ಕಿದ ಕಥೆಯನ್ನು ಓದಬೇಕು, ಅಷ್ಟೆ. ಆ ಕಥೆಯಲ್ಲಿ ಬರುವ ವಸ್ತುಗಳ ಜೊತೆ ಬೇರೆ ಎರಡನ್ನೂ ಸೇರಿಸಿ ಹುಚ್ಚಮ್ಮ ಮುಂದಿಡಬೇಕು. ಟೀಚರ್ ಎಡಗೈಯಿಂದ ತಾವೇ ಎತ್ತಿಕೊಂಡರೆ ಮಾತ್ರ ಸರಿ. ಹುಚ್ಚಮ್ಮನಿಗೆ ಪದ ಒತ್ತುವುದನ್ನು ಕಲಿಸಿದೆ, ನಾನು ಇಲ್ಲದಾಗ ಅವಳೇ ಹುಡುಕಲಿ ಎಂದು. ಎರಡನೇ ಕ್ಲಾಸಿನ ಅಕ್ಷರ ಇನ್ನೂ ಕೈಯಲ್ಲಿದೆ. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುವಾಗ ಟೀಚರ ಬೆರಳು ಹೊದಿಕೆಯ ಮೇಲೆ ಅಕ್ಷರ ತಿದ್ದುತ್ತಿತ್ತು.

ನಾಲ್ಕು ದಿನದಲ್ಲಿ ಹತ್ತೊಂಬತ್ತು ಸಲ ಪ್ರಯತ್ನಿಸಿದೆವು. ಹದಿಮೂರು ಸರಿ. ಎಲ್ಲವನ್ನೂ ಹುಚ್ಚಮ್ಮ ಪಟ್ಟಿ ಮಾಡಿಟ್ಟಿದ್ದಾಳೆ. ಉಪ್ಪಿನ ಕಥೆಯೂ ಇವತ್ತು ಬಿಡಿಸಿಕೊಂಡಿತು. ನಾವು ಕೇಳಿಸಿಕೊಂಡದ್ದು ಒಂದೇ ಪದ. ಇವತ್ತು ಜೊತೆಗೆ “ಎಣ್ಣೆ… ಬಟ್ಟೆ…” ಎಂದರು. ಹುಟ್ಟಿದ ಕೂಸಿಗೆ ಉಪ್ಪು ತಿಕ್ಕಿ ಬಟ್ಟೆ ಸುತ್ತುವ ಮಾತು ಒಂದು ಕಡೆ ಇದೆ, ಸ್ವಲ್ಪ ಕೆಳಗೆ ಎಣ್ಣೆ ಹಚ್ಚುವುದೂ. ಹುಚ್ಚಮ್ಮ ಉಪ್ಪು, ಬಟ್ಟೆ, ಎಣ್ಣೆ ಬಟ್ಟಲು, ಜೊತೆಗೆ ಬಾಚಣಿಗೆ, ಲೋಟ ಇಟ್ಟಳು. ಟೀಚರ್ ಬಟ್ಟಲು ಹಿಡಿದು ಬಿದ್ದ ಕೈಯ ಮೇಲೆ ಇಟ್ಟುಕೊಂಡರು. ಕೈ ತಿಕ್ಕಬೇಕಿತ್ತು. ಅಷ್ಟು ದಿನ ನೋವು ತಿಂದರು ಪಾಪ, ನಾವು ಗಂಜಿಗೆ ಉಪ್ಪು ಹಾಕುತ್ತ ಕೂತಿದ್ದೆವು.

ಹಾಸನದಲ್ಲಿ ಮಾತಿನ ತರಬೇತಿ ಕೊಡುವ ಒಬ್ಬರು ಫೋನಿನಲ್ಲಿ ಸಿಕ್ಕರು. ಬಾಯಿಪಾಠವಾದ ಸಾಲುಗಳು ಕೆಲವೊಮ್ಮೆ ಹೀಗೆ ಉಳಿಯುತ್ತವೆ, ಅವನ್ನೇ ಮೆಟ್ಟಿಲು ಮಾಡಿಕೊಂಡು ಬೇರೆ ಮಾತಿಗೆ ಹತ್ತಿಸಬಹುದು ಎಂದರು. ಆದರೆ ನೋಡದೆ ಏನೂ ಹೇಳುವುದಿಲ್ಲ ಎಂದರು. ಒಳ್ಳೆಯ ಮನುಷ್ಯ. ಅವರೂ ಅರ್ಥ ಕೊಡಲಿಲ್ಲ.

ನನ್ನ ಗಂಡ ವಿಶ್ವನಾಥ್‌ಗೆ ಅಂಗಡಿಯಲ್ಲಿ ಸ್ಪ್ರಿಂಕ್ಲರ್ ಪೈಪು ಮಾರುವ ಭರಾಟೆ, ಕಾಫಿ ಹೂವರಳಲೆಂದು ತೋಟಗಳಿಗೆಲ್ಲ ನೀರು ಹಾಯಿಸುವ ಕಾಲ. ಊಟಕ್ಕೆ ಬಂದವರು ಹೇಳಿದರು: “ಕ್ಲಾಸಲ್ಲೂ ನೀನು ಇಷ್ಟು ಗಟ್ಟಿಯಾಗಿ ಓದ್ತಿದ್ಯಾ ಮಾರಾಯ್ತಿ? ಗೇಟಿನಿಂದಲೇ ಕೇಳಿಸ್ತದೆ. ಗಿರಾಕಿ ಒಬ್ರು ನಿಮ್ಮ ಮನೇಲಿ ಪಾಸ್ಟರ್ ಇದಾರಾ ಅಂದ್ರು.”

ಅನ್ನ ತಳ ಹಿಡಿದಿತ್ತು. ಮಜ್ಜಿಗೆ ಸುರಿದುಕೊಂಡು ಉಂಡರು.

ಫೆಬ್ರವರಿ 23, ಭಾನುವಾರ

ಎಲ್ಲವನ್ನೂ ಆದ ಹಾಗೇ ಬರೆಯುತ್ತೇನೆ.

ಹನ್ನೊಂದಕ್ಕೆ ಜಯಕರ ಬಂದ. ನಲವತ್ತರ ಆಸುಪಾಸು, ಸಣ್ಣ ದನಿ. ಅತ್ತೆಯ ಕೈ ಹಿಡಿದು ಕೂತ. ಅವರು ಕನ್ನಡಕ ಹಾಕಿಕೊಂಡು, ಕಂದು ಸ್ವೆಟರು ತೊಟ್ಟು, ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದರು. ಅವನಿಗೆ ಆಶ್ಚರ್ಯವಾದದ್ದು ಕಂಡಿತು. ಆದರೂ ಕೇಳಿದ: ಮಂಗಳೂರಿಗೆ ಹೋಗೋಣವೇ?

“ಹೂಂ.”

ಇಲ್ಲೇ ಇರುತ್ತೀರಾ?

“ಹೂಂ.”

ಅವನು ನನ್ನ ಕಡೆ ನೋಡಿದ. ಗೆದ್ದ ನೋಟವಲ್ಲ, ದುಃಖದ್ದು. ಹೊರಗೆ ಕಾರಿನ ಡಿಕ್ಕಿ ತೆರೆದಿತ್ತು. ಹುಚ್ಚಮ್ಮ ಒಂದು ಬ್ಯಾಗಿಗೆ ಬಟ್ಟೆ ಮಡಚಿಟ್ಟಿದ್ದಳು, ಹೇಳಿದ ಕೆಲಸ ಮಾಡಲೇಬೇಕಲ್ಲ ಎಂದು.

ನಾನು ಲ್ಯಾಪ್‌ಟಾಪ್ ತೆಗೆದು ಅವನ ತೊಡೆಯ ಮೇಲೆ ಇಟ್ಟೆ. ನಾನು ಮುಟ್ಟುವುದಿಲ್ಲ, ಒಂದು ಮಾತೂ ಸೇರಿಸುವುದಿಲ್ಲ, ಅವರು ಹೇಳಿದ್ದನ್ನು ನೀವೇ ಒತ್ತಿ ಎಂದೆ. ಟೀಚರ ಎದುರು ಕೂತು, ಜಯಕರ ನಿಮ್ಮನ್ನು ಕರೆದೊಯ್ಯಲು ಬಂದಿದ್ದಾನೆ, ನಿಮ್ಮ ಉತ್ತರ ನಿಮ್ಮ ಮಾತಿನಲ್ಲಿ ಹೇಳಿ ಎಂದೆ.

ಅವರು ಬಾಯಿ ತೆರೆದರು, ಮುಚ್ಚಿದರು. ಹಣೆಯ ನರ ಉಬ್ಬಿತು.

“ನನ್ನ ಜನರ… ನಡುವೆ…”

ಜಯಕರ ಒತ್ತಿದ. ಪರದೆ ನನ್ನ ಕಡೆ ತಿರುಗಿಸಿದ. ಮುನ್ನೂರಕ್ಕೂ ಹೆಚ್ಚು ಫಲಿತಾಂಶ. ಇಡೀ ಬೈಬಲ್ ತುಂಬ ‘ನನ್ನ ಜನ’ವೇ. “ಇದ್ರಲ್ಲಿ ಯಾವ್ದು ಬೇಕಾದ್ರೂ ಆರಿಸ್ಕೋಬಹುದು ಮೇಡಂ” ಎಂದ.

ನಿಜ. ನನಗೇ ಆ ಕ್ಷಣದಲ್ಲಿ ನಾಲ್ಕು ಅರ್ಥ ಹೊಳೆದವು, ನಾಲ್ಕೂ ಸೊಗಸಾದವು. ನಾಲಿಗೆ ಕಚ್ಚಿಕೊಂಡೆ. ಅದು ಈ ವರ್ಷ ನಾನು ಮಾಡಿದ ಅತಿ ಕಷ್ಟದ ಕೆಲಸ. ಆಮೇಲೆ ಹಿಂದಿನ ಬೆಂಚಿನಲ್ಲಿ ಉತ್ತರ ಗೊತ್ತಿದ್ದೂ ಹೇಳಲಾಗದೆ ನಿಂತಿರುವ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ.

“ಇನ್ನೊಂದು ಪದ ಕೊಡಿ ಟೀಚರ್. ಅವಸರ ಇಲ್ಲ.”

ಅವರು ಎಡಗೈ ಎತ್ತಿದರು. “ಮಂಚ… ಮೇಜು…” ಉಸಿರು ಎಳೆದುಕೊಂಡರು. “ದೀಪ.”

ಜಯಕರ ಕೋಣೆಯನ್ನು ನೋಡಿದ. ಮಂಚ ಇತ್ತು, ಮೇಜು ಇತ್ತು, ಮೇಜಿನ ಮೇಲೆ ದೀಪವೂ ಇತ್ತು. “ಕಣ್ಣೆದುರು ಇರೋ ಸಾಮಾನು ಹೇಳ್ತಾ ಇದಾರೆ ಅಷ್ಟೆ” ಎಂದು ಮುಚ್ಚಲು ಹೋದ.

ಮುಚ್ಚಬೇಡಿ ಎಂದು ನಾನು ಹೇಳುವ ಮೊದಲೇ ಬಾಗಿಲಿನಿಂದ ಹುಚ್ಚಮ್ಮ ಹೇಳಿದಳು: “ಎಲ್ಲಾ ಒಟ್ಟಿಗೆ ಹಾಕಿ ಅಣ್ಣ. ಕೆಳಗಡೆ ಐತಲ್ಲ, ಹತ್ತು ವಚನದೊಳಗೆ ಅಂತ, ಅದನ್ನ ಒತ್ತಿ. ಅಕ್ಕ ನಂಗೆ ಕಲಿಸ್ಕೊಟ್ಟವ್ರೆ.”

ಕುಯ್ಲಿನ ಹೆಂಗಸು ಹೇಳಿಕೊಟ್ಟಂತೆ ಅವನು ಒತ್ತಿದ.

ಒಂದೇ ಬಂತು.

ಅವನು ಓದತೊಡಗಿದ, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ. ಶೂನೇಮ್ ಎಂಬ ಊರಿನಲ್ಲಿ ಒಬ್ಬ ಗೃಹಿಣಿ ಇದ್ದಾಳೆ. ದಾರಿಯಲ್ಲಿ ಹೋಗಿಬರುವ ಪ್ರವಾದಿಗೆ ಉಪ್ಪರಿಗೆಯಲ್ಲೊಂದು ಕೋಣೆ ಕಟ್ಟಿಸುತ್ತಾಳೆ. ಅದರಲ್ಲಿ ಮಂಚ, ಮೇಜು, ಪೀಠ, ದೀಪ ಇಡಿಸುತ್ತಾಳೆ. ಪ್ರವಾದಿ ಸಂತೋಷಪಟ್ಟು ಕೇಳುತ್ತಾನೆ: ನಿನಗೆ ನಾನು ಏನು ಮಾಡಲಿ? ರಾಜನ ಹತ್ತಿರ ನಿನ್ನ ಪರವಾಗಿ ಮಾತಾಡಲೇ? ಅವಳು ಹೇಳುವುದು ಒಂದೇ ವಾಕ್ಯ. ಏನೂ ಬೇಡ, ನಾನು ನನ್ನ ಜನರ ನಡುವೆ ಇದ್ದೇನೆ.

ಆ ವಾಕ್ಯಕ್ಕೆ ಬರುವಾಗ ಅವನ ದನಿ ನಿಂತಿತು. ಉಳಿದದ್ದನ್ನು ಟೀಚರ್ ಹೇಳಿ ಮುಗಿಸಿದರು. ಪೂರ್ತಿಯಾಗಿ, ಒಂದು ಅಕ್ಷರ ಎಡವದೆ. ಹೇಳುವಾಗ ಅವನ ಕಡೆಗೆ ನೋಡಲಿಲ್ಲ. ಮೊದಲು ಹುಚ್ಚಮ್ಮನನ್ನು ನೋಡಿದರು, ಆಮೇಲೆ ನನ್ನನ್ನು.

ಹುಚ್ಚಮ್ಮ ಬ್ಯಾಗಿನ ಹತ್ತಿರ ಹೋದಳು. “ರಾಜನ ಹತ್ರ ಮಾತಾಡೋದೇನೂ ಬೇಡ್ವಂತೆ ಅಣ್ಣ. ಬ್ಯಾಗು ಬಿಚ್ಚಲಾ?”

ಜಯಕರ ನಗುತ್ತಲೇ ಅತ್ತ. ಅವನು ಬೆಳೆದದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ. ಗಣಿ ನಿಂತ ಮೇಲೆ ಊರಿಗೆ ಊರೇ ಖಾಲಿಯಾಯಿತು. ಮಂಗಳೂರಿಗೆ ಬಂದ ಅವನ ಅಪ್ಪ ಕೊನೆಯವರೆಗೂ ಆ ಊರನ್ನು ‘ನಿಮ್ಮ ಊರು’ ಎಂದೇ ಕರೆಯುತ್ತಿ­ದ್ದರಂತೆ. ನಂಗೆ ಇದು ಗೊತ್ತಿರಬೇಕಿತ್ತು ಮೇಡಂ, ಅಪ್ಪನ್ನ ನೋಡಿದವನು ನಾನು ಎಂದ. ಅಂಗಳಕ್ಕೆ ಹೋಗಿ ಫೋನ್ ಮಾಡಿದ. ಆ ಹಾಸಿಗೆ ಬೇರೆ ಯಾರಿಗಾದರೂ ಕೊಡಿ ಎಂದು ಹೇಳುತ್ತಿದ್ದದ್ದು ಒಳಗೆ ಕೇಳಿಸಿತು. ಟೀಚರಿಗೂ ಕೇಳಿಸಿತು. ಕಿಟಕಿಯ ಕಡೆ ತಿರುಗಿ ಕೂತರು.

ಡಿಕ್ಕಿ ಮುಚ್ಚಿದ ಸದ್ದು. ನನ್ನ ಜೀವಮಾನದಲ್ಲಿ ಅಷ್ಟು ಹಿತವಾದ ಸದ್ದು ಕೇಳಿಲ್ಲ.

ಹೋಗುವ ಮೊದಲು ಜಯಕರ ಬಾವಿಯ ಹತ್ತಿರ ನಿಂತು ತಾನೇ ಒಂದು ಕೊಡ ಸೇದಿಟ್ಟ.

ಮಾರ್ಚ್ 5, ಬುಧವಾರ

ಗುರುವಾರಕ್ಕೊಮ್ಮೆ ಹಾಸನಕ್ಕೆ. ಕಾರು ಜಯಕರ ಗೊತ್ತುಮಾಡಿದ್ದಾನೆ. ತರಬೇತಿಯವರು ಹುಚ್ಚಮ್ಮನ ಪಟ್ಟಿಯನ್ನು ಅರ್ಧ ಗಂಟೆ ಓದಿದರು. ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ‘ನಾವು’ ಎಂದಳು ಅವಳು.

ಈಗ ಪಾಠ ಹೀಗೆ: ನಾನು ಗೊತ್ತಿರುವ ಸಾಲು ಶುರುಮಾಡುತ್ತೇನೆ, ಟೀಚರ್ ಮುಗಿಸುತ್ತಾರೆ. ಆಮೇಲೆ ಸಾಲಿನ ಒಂದು ಪದವನ್ನು ಎತ್ತಿ, ಅದರ ಜಾಗದಲ್ಲಿ ಮನೆಯ ಪದ ಇಡಬೇಕು. ಬಾವಿ ಇದ್ದಲ್ಲಿ ಕಾಫಿ. ಮೇಲಂಗಿ ಇದ್ದಲ್ಲಿ ಚಪ್ಪಲಿ. ಇವತ್ತು ಅವರು ಯಾರು ತಂದಾರು ಎಂದು ಶುರುಮಾಡಿ “ಕಾಫಿ” ಎಂದು ಮುಗಿಸಿದರು. ಮೂವರೂ ನಕ್ಕೆವು. ಕಾಫಿ ಮಾಡಿದೆ. ವಾಕರ್ ಹಿಡಿದು ಎಂಟು ಹೆಜ್ಜೆ.

ಮಧ್ಯಾಹ್ನ ಕಾಲೇಜಿನ ಗಿರಿಜಾಂಬಾ ಫೋನ್ ಮಾಡಿ, ಎರಡನೇ ಪಟ್ಟಿ ಬಂದು ಮೂರು ದಿನ ಆಯ್ತಲ್ಲ, ನೋಡಲಿಲ್ಲವಾ ಎಂದಳು. ಸಂಜೆ ನೋಡುತ್ತೇನೆ ಎಂದೆ. ನಾಳೆಗೆ ಹತ್ತು ಹೊಸ ಸಾಲು ಆರಿಸುವುದಿತ್ತು.

ಮಾರ್ಚ್ 12, ಬುಧವಾರ

ಹೋದ ವಾರ ಒಂದು ಮಳೆ ಬಿತ್ತು, ಇವತ್ತು ತೋಟಗಳೆಲ್ಲ ಬೆಳ್ಳಗೆ ಹೂವಾಗಿವೆ. ಊರಿಗೆ ಊರೇ ಮಲ್ಲಿಗೆ ಕಟ್ಟಿದಂತೆ ಘಮ್ಮೆನ್ನುತ್ತಿದೆ. ಮುಂಬಾಗಿಲು ತೆರೆದಿಟ್ಟು, ಮೇಜು ಎಳೆದುಕೊಂಡು ಟೀಚರ ಸಾಲುಗಳನ್ನು ವಿಂಗಡಿಸುತ್ತ ಕೂತಿದ್ದೆ. ಊಟದ್ದು, ನೋವಿನದು, ಸಿಟ್ಟಿನದು, ತಮಾಷೆಯದು. ತಮಾಷೆಯವೇ ಹೆಚ್ಚಿವೆ, ನಾನು ಅಂದುಕೊಂಡಿರಲಿಲ್ಲ. ಅದರಲ್ಲೇ ಮುಳುಗಿಹೋದೆ.

ವಾಕರಿನ ಸದ್ದು ಕೇಳಿತು. ಟಕ್, ಟಕ್. ತಲೆ ಎತ್ತಿದೆ. ಟೀಚರ್ ನಮ್ಮ ಹೊಸಿಲಿನಾಚೆ ನಿಂತಿದ್ದರು. ಆ ಬಾಗಿಲಿನಿಂದ ಈ ಬಾಗಿಲಿಗೆ ಇಪ್ಪತ್ತು ಹೆಜ್ಜೆಗೆ ಕಡಿಮೆಯಿಲ್ಲ. ಹುಚ್ಚಮ್ಮ ಹಿಂದೆ ಇದ್ದಳು, ಕೈ ಕೊಟ್ಟಿರಲಿಲ್ಲ. ಏದುಸಿರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕಣ್ಣು ನನ್ನ ಬೆನ್ನ ಹಿಂದಿನ ಅಡುಗೆಮನೆಯ ಮೇಲಿತ್ತು. ಏನೋ ಹೇಳಲು ತುಟಿ ಕೂಡಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ಪೆನ್ನು ಹಿಡಿದೆ, ಲ್ಯಾಪ್‌ಟಾಪ್ ಎಳೆದುಕೊಂಡೆ, ಖಾಲಿ ಚೌಕದ ಮೇಲೆ ಬೆರಳಿಟ್ಟು ಕಾದೆ.

ಅವರು ಹೇಳಿದ್ದನ್ನು ಎಲ್ಲೂ ಹುಡುಕಬೇಕಾಗಲಿಲ್ಲ.

“ಪ್ರೇಮಾ,” ಎಂದರು ದೀನಮ್ಮ ಟೀಚರ್, “ಒಲೆ ಮೇಲೆ ಹಾಲು ಉಕ್ತಾ ಇದೆ ಕಣೇ.”